ಮೊದಲ ಎದೆಹಾಲಿನ ಸಮಯವೂ ದಾಖಲಾಗಲಿ

ಮಾನ್ಯರೆ,

ಪ್ರತಿ ವರ್ಷ ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ ನಡೆಯುತ್ತದೆ, ಆಸ್ಪತ್ರೆಯ ಗೋಡೆಗಳಲ್ಲಿ ಭಿತ್ತಿಚಿತ್ರಗಳೂ ಕಾಣುತ್ತವೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿದ್ದರೂ, ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು ಶೇ 41.8ರಷ್ಟು ಮಾತ್ರ. ವೈದ್ಯರೂ ದಾದಿಯರೂ ಪಕ್ಕದಲ್ಲೇ ಇರುವಾಗ ಹೀಗಾಗುತ್ತಿರುವುದು ನೋವಿನ ಸಂಗತಿ.

ಕಳೆದ ವರ್ಷ ನನ್ನ ಮಗಳಿಗೆ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಸಿಸೇರಿಯನ್ ಆಯಿತು. ಮಗು ಆರೋಗ್ಯವಾಗಿತ್ತು, ತಾಯಿಗೆ ಎಚ್ಚರವೂ ಇತ್ತು; ಆದರೂ ‘ಹಾಲು ಇನ್ನೂ ಇಳಿದಿಲ್ಲ’ ಎಂದು ಹಾಲಿನ ಪುಡಿಯ ಹೆಸರು ಬರೆದ ಚೀಟಿಯನ್ನು ನಮ್ಮ ಕೈಗಿತ್ತರು. ರಾತ್ರಿ ಪಾಳಿಗೆ ಬಂದ ಹಿರಿಯ ದಾದಿಯೊಬ್ಬರು ಮಗುವನ್ನು ತಾಯಿಯ ಮಗ್ಗುಲಿಗೆ ಮಲಗಿಸಿ, ಎದೆಯನ್ನು ಮೆಲ್ಲಗೆ ಒತ್ತಿದಾಗ ನಾಲ್ಕು ಹನಿ ಮಂದವಾದ ಹಳದಿ ಹಾಲು ಕಾಣಿಸಿತು. ಮಗು ಬಾಯಗಲಿಸಿ ತಾನೇ ಹಿಡಿಯಿತು. ಮೊದಲ ದಿನ ಮಗುವಿಗೆ ಸಲಕ್ಕೆ ಬೇಕಾಗುವುದೇ ಒಂದು ಚಿಕ್ಕ ಚಮಚದಷ್ಟು ಎಂದು ಆ ದಾದಿ ಹೇಳದಿದ್ದರೆ ನಾವು ಪುಡಿಯನ್ನೇ ಕಲಸುತ್ತಿದ್ದೆವು.

ಈ ಗಿಣ್ಣು ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಮಗುವಿಗೆ ಜೇನು ನೆಕ್ಕಿಸುವ ರೂಢಿ ನಮ್ಮ ಮನೆಯಲ್ಲೂ ಇತ್ತು. ನನ್ನ ಚೊಚ್ಚಲ ಮಗುವಿಗೆ ನಾನೂ ಹಾಗೆಯೇ ಮಾಡಿದ್ದೆ ಎಂಬುದು ಇಂದಿಗೂ ಕಾಡುತ್ತದೆ. ಭೇದಿ, ನ್ಯುಮೋನಿಯಾಗಳಿಂದ ಕಾಯುವ ರೋಗನಿರೋಧಕ ಅಂಶಗಳು ಹೇರಳವಾಗಿರುವುದು ಈ ಹಾಲಿನಲ್ಲೇ. ಜೇನಾದರೋ ಒಂದು ವರ್ಷದೊಳಗಿನ ಮಕ್ಕಳಿಗೆ ಅಪಾಯಕಾರಿ. ಎದೆಹಾಲೂಡಿಸುವುದರಿಂದ ಬಾಣಂತಿಗೂ ಉಪಕಾರವಿದೆ: ಮಗು ಚೀಪುವಾಗ ಸ್ರವಿಸುವ ಆಕ್ಸಿಟೋಸಿನ್ ಗರ್ಭಕೋಶವನ್ನು ಕುಗ್ಗಿಸಿ ರಕ್ತಸ್ರಾವವನ್ನು ತಗ್ಗಿಸುತ್ತದೆ. ತಿಂಗಳುಗಟ್ಟಲೆ ಹಾಲೂಡಿಸಿದ ತಾಯಂದಿರಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ನ ಸಂಭವವೂ ಕಡಿಮೆ.

ಆಸ್ಪತ್ರೆಗಳಲ್ಲಿ ಶಿಶು ಹಾಲಿನ ಪುಡಿಯ ಪ್ರಚಾರವನ್ನು 1992ರ ಕಾಯ್ದೆಯೇ ನಿಷೇಧಿಸಿದೆ. ವೈದ್ಯಕೀಯವಾಗಿ ಅನಿವಾರ್ಯವಾದಾಗ ಪುಡಿ ಬೇಕಾಗಬಹುದು, ಅಂತಹ ತಾಯಂದಿರನ್ನು ಯಾರೂ ನೋಯಿಸಬಾರದು. ಆದರೆ ಕಾರಣವಿಲ್ಲದೆ ಚೀಟಿ ಬರೆಯುವುದು ನಿಲ್ಲಬೇಕು. ಮಗು ಹುಟ್ಟಿದ ಸಮಯವನ್ನು ನಿಮಿಷ ಸಹಿತ ಬರೆಯುವ ಕೇಸ್ ಶೀಟಿನಲ್ಲೇ ಮೊದಲ ಎದೆಹಾಲಿನ ಸಮಯವನ್ನೂ, ತಡವಾದರೆ ಕಾರಣವನ್ನೂ, ಪುಡಿ ಕೊಟ್ಟಿದ್ದರೆ ಯಾರ ಸೂಚನೆಯಂತೆ ಎಂಬುದನ್ನೂ ನಮೂದಿಸುವುದನ್ನು ಆರೋಗ್ಯ ಇಲಾಖೆಯು ಖಾಸಗಿ ನರ್ಸಿಂಗ್ ಹೋಮ್‌ಗಳೂ ಸೇರಿದಂತೆ ಎಲ್ಲೆಡೆ ಕಡ್ಡಾಯಗೊಳಿಸಿ, ಡಿಸ್ಚಾರ್ಜ್ ಆಗುವಾಗ ಅದರ ಪ್ರತಿಯನ್ನು ಬಾಣಂತಿಯ ಕೈಗೆ ಕೊಡುವಂತೆ ಮಾಡಬೇಕು.

– ಓರ್ವ ಅಜ್ಜಿ, ಹಾಸನ