ಓಪನ್ ಕಾರು ತೆಗೆದುಕೊಳ್ಳುವವರು ಮೊದಲು ಹುಡ್ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಎರಡು ಸೀಟಿನ ಓಪನ್ ಕಾರುಗಳ ಬಗ್ಗೆ ಬಂದ ಲೇಖನ ಓದಿದೆ. ಅಮೆರಿಕದಲ್ಲಿರುವ ನಮ್ಮೂರಿನ ಹುಡುಗರು ಕಡಿಮೆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ ಮಜ್ದಾ ಮಿಯಾಟಾ ಒಳ್ಳೆಯದೋ, ಪಾಂಟಿಯಾಕ್ ಸಾಲ್‌ಸ್ಟಿಸ್ ಒಳ್ಳೆಯದೋ ಅಂತ ಅರ್ಧ ಪುಟ ಬರೆದಿದ್ದೀರಿ. ಹಾರ್ಸ್‌ಪವರ್ ಬಂತು, ಟೈರ್ ಬಂತು, ಬಣ್ಣವೂ ಬಂತು. ಕೊನೆಗೆ ಸಾಲ್‌ಸ್ಟಿಸ್‌ಗೆ ಹಾರ ಹಾಕಿ ಮುಗಿಸಿದ್ದೀರಿ. ಅಷ್ಟುದ್ದ ಲೇಖನದಲ್ಲಿ ಹುಡ್ ಬಗ್ಗೆ, ಅಂದರೆ ಮಡಚಿ ತೆಗೆಯುವ ಬಟ್ಟೆಯ ಚಾವಣಿ ಬಗ್ಗೆ, ಒಂದೇ ಒಂದು ಸಾಲು ಇಲ್ಲ ಮಾರಾಯ್ರೇ! ಹುಡ್ ಒಂದನ್ನು ಬಿಟ್ಟರೆ ಓಪನ್ ಕಾರಿನಲ್ಲಿ ಇರುವುದೆಲ್ಲ ಬೇರೆ ಕಾರಿನಲ್ಲೂ ಇರುತ್ತದೆ ಅಲ್ವಾ?

ನನಗೆ ಇದನ್ನು ಹೇಳುವ ಹಕ್ಕು ಎಲ್ಲಿಂದ ಬಂತು ಅಂತ ಕೇಳಬಹುದು. 36 ವರ್ಷ ಉಡುಪಿಯಲ್ಲಿ ಕುಶನ್ ವರ್ಕ್ಸ್ ನಡೆಸಿದವನು ನಾನು. ಅಂಬಾಸಿಡರ್ ಸೀಟು, ಬುಲೆಟ್ ಸೀಟು, ಲಾರಿ ಕ್ಯಾಬಿನ್ ಎಲ್ಲ ಮಾಡಿದ್ದೇನೆ. ಆದರೆ ಹೊಟ್ಟೆಗೆ ಹಾಕಿದ್ದು ಹುಡ್. ಮೇ ತಿಂಗಳ ಕೊನೆಯ ವಾರ ಬಂತೆಂದರೆ ಅಂಗಡಿ ಮುಂದೆ ರಿಕ್ಷಾಗಳ ಸಾಲು, ನಡುವೆ ಚಾರ್ಮಾಡಿ ಕಡೆಯಿಂದ ಬಂದ ಒಂದೆರಡು ಜೀಪು, ಎಲ್ಲರಿಗೂ ಮಳೆ ಬೀಳುವ ಮೊದಲು ಹುಡ್ ಬೇಕು, ಎಲ್ಲರಿಗೂ ನಾಳೆಯೇ ಬೇಕು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಹುಡ್ ಹೊಲಿದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಹುಡ್ ಬಟ್ಟೆಯಲ್ಲಿ ಸೋರುವುದಿಲ್ಲ. ಹೊಲಿಗೆಯಲ್ಲಿ ಸೋರುತ್ತದೆ, ಮೂಲೆಯಲ್ಲಿ ಸೋರುತ್ತದೆ. ರೆಕ್ಸಿನ್ ಎಷ್ಟು ಒಳ್ಳೆಯದಿದ್ದರೂ ಸೂಜಿ ಹೋದ ಪ್ರತಿ ತೂತೂ ನೀರಿಗೆ ಬಾಗಿಲೇ. ಅದಕ್ಕೇ ನಾವು ಜೀಪಿನ ಹುಡ್ ಹೊಲಿದು ಮುಗಿಸಿದ ಮೇಲೆ ಒಳಗಿನಿಂದ ಹೊಲಿಗೆ ಉದ್ದಕ್ಕೂ ಮೇಣದ ಬತ್ತಿ ಉಜ್ಜುತ್ತಿದ್ದೆವು, ಬಿಸಿಲಿಗೆ ಅದು ಕರಗಿ ನೂಲಿನೊಳಗೆ ಇಳಿಯಲಿ ಅಂತ.

ಈಗ ಕಾರಿನ ವಿಷಯ. ಹೋದ ವರ್ಷ ಮಗಳ ಮನೆಗೆ ಅಂತ ಅಮೆರಿಕದ ಒಹಾಯೊಗೆ ಹೋಗಿ ಐದು ತಿಂಗಳು ಇದ್ದೆ. ಅಳಿಯನಿಗೆ ಇದೇ ಹುಚ್ಚು. ಮನೆಯಲ್ಲಿ ಮಗುವಿಗೆ ಸೀಟು ಹಾಕಿದ ದೊಡ್ಡ ಕಾರು ಉಂಟು, ಆದರೂ ಶನಿವಾರ ಭಾನುವಾರ ತಿರುಗಲಿಕ್ಕೆ ಒಂದು ಓಪನ್ ಕಾರು ಬೇಕಂತೆ. ಪಟ್ಟಿಯಲ್ಲಿ ಉಳಿದದ್ದು ನೀವು ಬರೆದ ಅದೇ ಎರಡು. 2006ರ ಮಿಯಾಟಾ, 2006ರ ಸಾಲ್‌ಸ್ಟಿಸ್. "ಮಾವ, ನೀವು ನೋಡಿ ಹೇಳಿ" ಅಂದ. ಮಾತಿಗೆ ಹೇಳಿದ್ದು ಅಂತ ನನಗೂ ಗೊತ್ತು. ನಾನು ಮಾತ್ರ ನಿಜಕ್ಕೂ ನೋಡಿದೆ!

ಸಾಲ್‌ಸ್ಟಿಸ್ ಅವನ ಆಫೀಸಿನವರೊಬ್ಬರದ್ದು. ನೋಡಲಿಕ್ಕೆ ಚಂದ, ಅದರಲ್ಲಿ ಎರಡು ಮಾತಿಲ್ಲ. ತಗ್ಗಾಗಿ, ಅಗಲವಾಗಿ, 18 ಇಂಚಿನ ಚಕ್ರದ ಮೇಲೆ ಕುಳಿತ ಹುಲಿಯ ಹಾಗೆ ಕಾಣುತ್ತದೆ. ಮಿಯಾಟಾ ಅದರ ಪಕ್ಕದಲ್ಲಿ ಸ್ವಲ್ಪ ಪೆಚ್ಚೇ. ಒಂದು ಸಂಜೆ ಅವರು ನನ್ನನ್ನು ಕೂರಿಸಿಕೊಂಡು ಹೊರಟರು. ಹುಡ್ ಮಡಚಿತ್ತು, ಗಾಳಿ ಒಳ್ಳೆಯದಿತ್ತು. ಸಾಮಾನಿನ ಅಂಗಡಿ ಹತ್ತಿರ ಬರುವಾಗ ಪಟಪಟ ಅಂತ ನಾಲ್ಕು ಹನಿ. ಅವರು ಕಾರು ನಿಲ್ಲಿಸಿದರು, ಇಳಿದರು, ಹಿಂದೆ ಹೋದರು. ಹಿಂದಿನ ದೊಡ್ಡ ಮುಚ್ಚಳ ಮಾಮೂಲಿ ಡಿಕ್ಕಿಯ ಹಾಗೆ ತೆರೆಯುವುದಲ್ಲ, ಬಾಯಿ ನಮ್ಮ ಬೆನ್ನಿನ ಕಡೆಗೆ, ಹಿಂದಕ್ಕೆ ವಾಲುತ್ತದೆ. ಅದನ್ನು ಎತ್ತಿ, ಒಳಗೆ ಮಡಚಿದ ಹುಡ್ ಎಳೆದು, ಮುಂದೆ ತಂದು, ಗಾಜಿನ ಮೇಲಿನ ಚೌಕಟ್ಟಿಗೆ ಸಿಕ್ಕಿಸಿ, ಮತ್ತೆ ಹಿಂದೆ ಹೋಗಿ ಮುಚ್ಚಳ ಹಾಕಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಹುಡ್‌ನ ಹಿಂದಿನ ಎರಡು ಮೂಲೆಗೆ ಬಟ್ಟೆಯದ್ದೇ ಎರಡು ಬಾಲ ಉಂಟು, ಅವನ್ನು ಆ ಮುಚ್ಚಳದ ಮೇಲೆ ಒಂದೊಂದಾಗಿ ಒತ್ತಿ ಕೂರಿಸಬೇಕು. ಎಡದ್ದು ಕೂತಿತು. ಬಲದ್ದು ಕೂರಲಿಲ್ಲ. ಅವರು ಒತ್ತುತ್ತಾ ಇದ್ದರು, ನಾನು ಸೀಟಿನಲ್ಲಿ ಕೂತು ತಿರುಗಿ ನೋಡುತ್ತಾ ಇದ್ದೆ, ಅಷ್ಟರಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿತ್ತು.

ಆ ಬಾಲ ಯಾಕೆ ಅಂತ ನಾನು ಮನೆಗೆ ಬಂದು ತುಂಬಾ ಹೊತ್ತು ಯೋಚಿಸಿದೆ. ಬೇರೆ ಏನೂ ಇಲ್ಲ, ಚಂದಕ್ಕೆ. ಹುಡ್ ಹಾಕಿದಾಗಲೂ ಕಾರಿನ ಹಿಂಭಾಗ ಇಳಿಜಾರಾಗಿ ಕಾಣಬೇಕು ಅಂತ. ಚಿತ್ರ ಬರೆದವನಿಗೆ ಅದು ಸರಿ. ಹೊಲಿಯುವವನಿಗೆ ಅದು ಎರಡು ಮೂಲೆ ಜಾಸ್ತಿ.

ಮಿಯಾಟಾ ನೋಡಿದ್ದು ಒಬ್ಬ ಮಾಸ್ತರರ ಹತ್ತಿರ, ಮಾರಲಿಕ್ಕೆ ಇಟ್ಟಿದ್ದರು. ನಡುವಿನಲ್ಲಿ ಒಂದೇ ಒಂದು ಹಿಡಿ. ಬಿಡಿಸಿ ಹಿಂದಕ್ಕೆ ತಳ್ಳಿದರೆ ಹುಡ್ ಇಂಗ್ಲಿಷಿನ ಝಡ್ ಅಕ್ಷರದ ಹಾಗೆ ಮಡಚಿಕೊಂಡು ಸೀಟಿನ ಹಿಂದಿನ ಗುಂಡಿಯಲ್ಲಿ ಕೂರುತ್ತದೆ, ಅದರ ಮುಂಭಾಗವೇ ಮೇಲೆ ಬಂದು ತನಗೆ ತಾನೇ ಮುಚ್ಚಳ ಆಗುತ್ತದೆ. ಇಳಿಯಬೇಕಂತಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಒಂದು ಕೈಯಲ್ಲಿ ಮುಗಿಯುತ್ತದೆ. 70 ದಾಟಿದ ಕೈ, ಭುಜ ನೋವು ಬೇರೆ, ಆದರೂ ನಾನು ಮೂರು ಸಲ ಹಾಕಿ ತೆಗೆದು ನೋಡಿದೆ. ಮಾಸ್ತರರು ನಗುತ್ತಿದ್ದರು. ನನಗೆ ಮಾತ್ರ ಹೊಟ್ಟೆಕಿಚ್ಚು. ಇಷ್ಟು ವರ್ಷ ಜೀಪಿಗೆ ಕಬ್ಬಿಣದ ಕಮಾನು ಬಗ್ಗಿಸಿದ್ದೇನೆ, ಇಷ್ಟು ನಯವಾಗಿ ಮಡಚುವ ಒಂದನ್ನೂ ಮಾಡಲಿಲ್ಲ.

ಇದರಲ್ಲಿ ಇನ್ನೊಂದು ಗುಟ್ಟು ಉಂಟು, ನಿಮ್ಮ ಲೇಖಕರು ಗಮನಿಸಿದ ಹಾಗೆ ಕಾಣುವುದಿಲ್ಲ. ಮಿಯಾಟಾದ ಹುಡ್ ಡಿಕ್ಕಿಗೆ ಹೋಗುವುದಿಲ್ಲ. ಹಾಗಾಗಿ ತೆರೆದಿರಲಿ ಮುಚ್ಚಿರಲಿ ಡಿಕ್ಕಿ ಅಷ್ಟೇ ಇರುತ್ತದೆ, 150 ಲೀಟರ್. ಸಣ್ಣದೇ, ಆದರೆ ಇಬ್ಬರ ಎರಡು ದಿನದ ಬಟ್ಟೆ ಹಿಡಿಯುತ್ತದೆ. ಸಾಲ್‌ಸ್ಟಿಸ್‌ನಲ್ಲಿ ಪೆಟ್ರೋಲ್ ಟ್ಯಾಂಕ್ ಡಿಕ್ಕಿಯ ನಡುವೆ ಗುಡ್ಡದ ಹಾಗೆ ಎದ್ದು ನಿಂತಿದೆ. ಅದರ ಮೇಲೆ ಹುಡ್ ಬಂದು ಮಲಗಿದರೆ ಒಂದು ಹಲಸಿನ ಹಣ್ಣಿಗೂ ಜಾಗ ಇಲ್ಲ. ಊರು ಸುತ್ತಲಿಕ್ಕೆ ಅಂತ ತೆಗೆದುಕೊಂಡ ಕಾರು, ಬಟ್ಟೆ ಚೀಲ ಹೆಂಡತಿಯ ಕಾಲಡಿಯಲ್ಲಿ!

ಸರಿ, ಹಾರ್ಸ್‌ಪವರ್‌ಗೆ ಬರುವ. ನೀವು ಸಾಲ್‌ಸ್ಟಿಸ್‌ನ 177 ದೊಡ್ಡದು, ಮಿಯಾಟಾದ 170 ಸಣ್ಣದು ಅಂದಿರಿ. ಏಳು ಕುದುರೆ ಜಾಸ್ತಿ. ಆದರೆ ಆ ಏಳು ಕುದುರೆ ಎಳೆಯಬೇಕಾದ ಭಾರ ಎಷ್ಟು? ಮಿಯಾಟಾ ಸುಮಾರು 1,100 ಕೆಜಿ, ಸಾಲ್‌ಸ್ಟಿಸ್ 1,300 ಕೆಜಿ ಹತ್ತಿರ. ಅಂದರೆ ನಾಲ್ಕು ಮೂಟೆ ಅಕ್ಕಿ ಯಾವಾಗಲೂ ಹೊತ್ತುಕೊಂಡು ಓಡುವುದು. ಆಗುಂಬೆ ಘಾಟಿಯ 14 ತಿರುವು ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಿರುವಿನಲ್ಲಿ ಬೇಕಾಗುವುದು ಹಗುರ. ಮಜ್ದಾದವರು ಅದಕ್ಕೆ ಜಪಾನಿ ಭಾಷೆಯಲ್ಲಿ ಜಿಂಬಾ ಇತ್ತೈ ಅನ್ನುತ್ತಾರೆ, ಕುದುರೆಯೂ ಸವಾರನೂ ಒಂದೇ ಆಗುವುದು ಅಂತ ಅರ್ಥವಂತೆ. ಕುದುರೆ ನಮ್ಮಲ್ಲಿ ಯಾರ ಹತ್ತಿರ ಉಂಟು, ಕಂಬಳದ ಕೋಣ ಮತ್ತು ಓಡಿಸುವವ ಅಂತ ತಿಳಿದುಕೊಳ್ಳಿ.

ಸಾಲ್‌ಸ್ಟಿಸ್‌ನಲ್ಲೇ ಆಮೇಲೆ ಟರ್ಬೊ ಹಾಕಿದ ಜಿಎಕ್ಸ್‌ಪಿ ಅಂತ ಬಂತು, 260 ಹಾರ್ಸ್‌ಪವರ್. ಅದು ನಿಜಕ್ಕೂ ಓಡುತ್ತದೆ. ಅದನ್ನೇ ತೆಗೆದುಕೊಳ್ಳುವವರ ಹತ್ತಿರ ನನ್ನ ತಕರಾರು ಕಡಿಮೆ. ಹುಡ್ ಮಾತ್ರ ಅದೇ.

ಇತಿಹಾಸ ಹೇಳುವಾಗಲೂ ನಿಮ್ಮ ಲೇಖನ ಅರ್ಧಕ್ಕೆ ನಿಂತಿದೆ. 2005ರಲ್ಲಿ ಸಾಲ್‌ಸ್ಟಿಸ್ ಬಂದಾಗ ಅಮೆರಿಕದಲ್ಲಿ ದೊಡ್ಡ ಗದ್ದಲ ಆಗಿತ್ತು. ಬೆಲೆ 20,000 ಡಾಲರ್‌ಗಿಂತ ಸ್ವಲ್ಪ ಕೆಳಗೆ, ಮಿಯಾಟಾ ಅದಕ್ಕಿಂತ ಸ್ವಲ್ಪ ಮೇಲೆ. ಡೊನಾಲ್ಡ್ ಟ್ರಂಪ್ ನಡೆಸುತ್ತಿದ್ದ ಟಿವಿ ಕಾರ್ಯಕ್ರಮದಲ್ಲಿ ತೋರಿಸಿ ಬುಕಿಂಗ್ ತೆರೆದರೆ ಮೊದಲ 1,000 ಕಾರು 41 ನಿಮಿಷದಲ್ಲಿ ಖಾಲಿ. ಇದನ್ನು ಬರೆದಿದ್ದೀರಿ. ಮುಂದೆ ಏನಾಯಿತು ಅಂತ ಬರೆಯಲಿಲ್ಲ. 2009ರಲ್ಲಿ ಪಾಂಟಿಯಾಕ್‌ನ ಒಡೆಯ ಕಂಪನಿ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿತು, ಪಾಂಟಿಯಾಕ್ ಹೆಸರನ್ನೇ ಮುಚ್ಚಿದರು, ಸಾಲ್‌ಸ್ಟಿಸ್ ತಯಾರಾಗುತ್ತಿದ್ದ ವಿಲ್ಮಿಂಗ್ಟನ್ ಕಾರ್ಖಾನೆಗೂ ಅದೇ ವರ್ಷ ಬೀಗ ಬಿತ್ತು. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವನಿಗೆ ಇದಕ್ಕಿಂತ ಮುಖ್ಯ ಸುದ್ದಿ ಬೇರೆ ಉಂಟಾ? ಎಂಜಿನ್ ಭಾಗ ಆ ಕಂಪನಿಯ ಬೇರೆ ಕಾರಿನದ್ದೂ ಆಗುತ್ತದೆ, ಅದಕ್ಕೆ ಹೆದರಿಕೆ ಇಲ್ಲ. ಆದರೆ ಹಿಂದಿನ ಆ ದೊಡ್ಡ ಮುಚ್ಚಳ ಗುದ್ದಿಸಿಕೊಂಡರೆ ಯಾರಾದರೂ ಗುಜರಿಗೆ ಹಾಕಿದ ಸಾಲ್‌ಸ್ಟಿಸ್ ಹುಡುಕಿಕೊಂಡು ಹೋಗಬೇಕು.

ಮಿಯಾಟಾ ಆ ಕಡೆ 1989ರ ಫೆಬ್ರವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಮೊದಲು ಕಂಡದ್ದು. ಬಾಬ್ ಹಾಲ್ ಅಂತ ಒಬ್ಬ ಅಮೆರಿಕದ ಪತ್ರಕರ್ತ, ಹಳೆಯ ಬ್ರಿಟಿಷ್ ಓಪನ್ ಕಾರುಗಳ ಹಾಗೆ ಒಂದು ಸರಳ ಹಗುರ ಕಾರು ಮಾಡಿ ಅಂತ ಮಜ್ದಾದವರಿಗೆ ಹೇಳಿದ್ದೇ ಅದರ ಬೀಜ. ನಿಮ್ಮ ವೃತ್ತಿಯವನೇ ನೋಡಿ! 2016ರ ಏಪ್ರಿಲ್‌ನಲ್ಲಿ ಹಿರೋಶಿಮಾದಲ್ಲಿ 10 ಲಕ್ಷನೇ ಕಾರು ಹೊರಬಂತು. ಅಷ್ಟು ಕಾರು ಇದ್ದರೆ ಹುಡ್ ಮಾಡಿ ಮಾರುವವರೂ ಇರುತ್ತಾರೆ. ಬಟ್ಟೆ, ಹಿಂದಿನ ಗಾಜು ಎಲ್ಲ ಸೇರಿಸಿ ಹೊಲಿದಿಟ್ಟ ಹುಡ್ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದೆ.

ಹಾಗಂತ ಮಿಯಾಟಾ ದೇವರಲ್ಲ. ಹುಡ್‌ನ ಹಿಂದಿನ ಅಂಚಿನಲ್ಲಿ ಬಿದ್ದ ನೀರು ಸಣ್ಣ ಕಾಲುವೆಯಂಥ ಒಂದು ದಂಡೆಗೆ ಇಳಿದು, ಎರಡು ಬದಿಯ ಸಣ್ಣ ಪೈಪಿನಲ್ಲಿ ಕೆಳಗೆ ಹೋಗಬೇಕು. ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆ ಕಸ ಸೇರಿ ಆ ಪೈಪು ಕಟ್ಟುತ್ತದೆ. ನೀರು ಒಳಗೇ ನಿಲ್ಲುತ್ತದೆ, ಮೊದಲು ಕಾರ್ಪೆಟ್ ನಾರುತ್ತದೆ, ಆಮೇಲೆ ಬಾಗಿಲಿನ ಕೆಳಗಿನ ತಗಡು ಒಳಗಿನಿಂದ ತಿಂದು ಹೋಗುತ್ತದೆ. ಒಹಾಯೊದಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಎರಚುತ್ತಾರೆ. ನಮ್ಮ ಮಲ್ಪೆಯಲ್ಲಿ ಆ ಕೆಲಸ ಸಮುದ್ರವೇ ಮಾಡುತ್ತದೆ. ತುಕ್ಕು ಎರಡೂ ಕಡೆ ಒಂದೇ. ಇನ್ನೊಂದು, ಒದ್ದೆ ಹುಡ್ ಮಡಚಿ ಇಡಬೇಡಿ. ಎರಡು ದಿನದಲ್ಲಿ ಬೂಷ್ಟು ಬರುತ್ತದೆ, ಮಡಿಕೆಯ ಗೆರೆಯಲ್ಲಿ ಕಪ್ಪು ಕೂತರೆ ಮತ್ತೆ ಹೋಗುವುದಿಲ್ಲ. ನೂರು ರಿಕ್ಷಾದವರಿಗೆ ಹೇಳಿದ್ದೇನೆ, ನಾಲ್ಕು ಜನ ಕೇಳಿದ್ದಾರೆ.

"ಊರಿಗೆ ಬರುವಾಗ ತರಬಹುದು" ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಲ್ಲ, ಅದನ್ನು ದಯವಿಟ್ಟು ತಿದ್ದಿ. ಸಾಲ್‌ಸ್ಟಿಸ್ ಬಲಗಡೆ ಸ್ಟಿಯರಿಂಗ್ ಇಟ್ಟು ತಯಾರಾಗಲೇ ಇಲ್ಲ. ಮಿಯಾಟಾ ಜಪಾನ್, ಇಂಗ್ಲೆಂಡಿಗೆ ಬಲಗಡೆಯದ್ದು ಉಂಟು, ಆದರೆ ಅಮೆರಿಕದಲ್ಲಿ ಸಿಗುವುದು ಎಡಗಡೆಯದ್ದೇ. ಅದೂ ಅಲ್ಲದೆ ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಇಲ್ಲಿಗೆ ತರಲು ಸಾಮಾನ್ಯವಾಗಿ ಬಿಡುವುದಿಲ್ಲ, ಬಿಟ್ಟರೂ ಸುಂಕ ಕೊಟ್ಟು ಪೂರೈಸುವುದಿಲ್ಲ. ಸುಮ್ನೆ ಹುಡುಗರಿಗೆ ಆಸೆ ಹುಟ್ಟಿಸಬೇಡಿ. ಮಜ್ದಾದವರು ನಮ್ಮ ದೇಶದಲ್ಲಿ ಕಾರು ಮಾರುವುದೂ ಇಲ್ಲ. ಒಂದು ಕಾಲದಲ್ಲಿ ನಮ್ಮ ಪಕ್ಕದ ಗೋವಾದಲ್ಲೇ ಸ್ಯಾನ್ ಸ್ಟಾರ್ಮ್ ಅಂತ ಎರಡು ಸೀಟಿನ ಓಪನ್ ಕಾರು ತಯಾರಾಗುತ್ತಿತ್ತು, ಫೈಬರ್ ಬಾಡಿ, ರೆನೋ ಕಂಪನಿಯ ಸಣ್ಣ ಎಂಜಿನ್. ಒಮ್ಮೆ ಕುಂದಾಪುರದ ಹತ್ತಿರ ಹೈವೇಯಲ್ಲಿ ಕಂಡಿದ್ದೆ, ಕೆಂಪು. ಹುಡ್ ನೋಡೋಣ ಅಂತ ಸ್ಕೂಟರ್ ತಿರುಗಿಸುವಷ್ಟರಲ್ಲಿ ಹೋಗಿಬಿಟ್ಟಿತು.

ಅಳಿಯ ಎಂತ ಮಾಡಿದ ಅಂತ ಹೇಳಿ ಮುಗಿಸುತ್ತೇನೆ. ನಾನು ಊರಿಗೆ ಬಂದ ಮೇಲೂ ಅವನ ಮನಸ್ಸು ಸಾಲ್‌ಸ್ಟಿಸ್ ಕಡೆಗೇ ಇತ್ತು. ಕೊನೆಗೆ ಮಗಳು ಒಂದು ಮಾತು ಹೇಳಿದಳಂತೆ: ಮಳೆ ಬಂದಾಗ ಇಳಿಯುವವರು ಯಾರು ಅಂತ ಈಗಲೇ ಬರೆದುಕೊಡಿ. ಮರುವಾರ ಮಾಸ್ತರರ ಮಿಯಾಟಾ ಹತ್ತಿರ ನಿಂತು ನನಗೆ ವಿಡಿಯೊ ಕಾಲ್ ಮಾಡಿದ. ಇಲ್ಲಿ ರಾತ್ರಿ ಹತ್ತೂವರೆ. "ಒಂದು ಚೊಂಬು ನೀರು ಹಿಂದಿನ ದಂಡೆಗೆ ಹೊಯ್ಯಿ, ಕೆಳಗೆ ಬಗ್ಗಿ ನೋಡು" ಅಂದೆ. ಎಡಗಡೆ ಹಿಂದಿನ ಚಕ್ರದ ಹತ್ತಿರ ನೀರು ಸಣ್ಣಗೆ ಇಳಿಯಿತು. ಬಲಗಡೆ ಏನೂ ಇಲ್ಲ. ಕಾರ್ಪೆಟ್ ಎತ್ತಿಸಿದೆ, ಒಣಗಿತ್ತು, ತಗಡಿಗೆ ಏನೂ ಆಗಿರಲಿಲ್ಲ. ಮಾಸ್ತರರು ತಾವೇ 300 ಡಾಲರ್ ಕಡಿಮೆ ಮಾಡಿದರು. ಪೈಪಿನಿಂದ ಹೊರಗೆ ಬಂದದ್ದು ಒಂದು ಮುಷ್ಟಿ ಒಣ ಎಲೆ, ಅದರ ಫೋಟೊ ನನ್ನ ಮೊಬೈಲಿನಲ್ಲಿ ಉಂಟು, ಬೇಕಾದರೆ ಕಳಿಸುತ್ತೇನೆ, ಪುರವಣಿಯಲ್ಲಿ ಹಾಕಿ.

ಇಂತಿ,
ಒಬ್ಬ ಹಳೆಯ ಹುಡ್ ಕೆಲಸದವ
ಉಡುಪಿ