ಹೊರೆಕಾಣಿಕೆಯ ಲಾರಿ

ಪ್ರೀತಿಯ ಮಗಳೇ,

ನಿನ್ನ ಚಿತ್ರಕಥೆ ಎರಡು ಸಲ ಓದಿದೆ. ಮುಂಬಯಿ ಹೋಟೆಲಿನಲ್ಲಿ ತಟ್ಟೆ ತೊಳೆದ ಹುಡುಗ ಊರಿಗೆ ಬಂದು ಬಿಲ್ಡರ್ ಆಗಿ, ದೇವಸ್ಥಾನದ ಸಮಿತಿ ಹೊಕ್ಕು, ಕಡೆಗೆ ಎಮ್ಮೆಲ್ಲೆ ಟಿಕೆಟ್ಟಿಗೆ ಓಡಾಡುವ ಕಥೆ. ಮಂಗಳೂರಿನಲ್ಲೇ ಕೂತು ಇದನ್ನು ಬರೆಯಲು ಹೊರಟೆಯಲ್ಲ, ಅದಕ್ಕೇ ನನಗೆ ತುಂಬ ಖುಷಿ. ಆದರೆ ಒಂದು ಮಾತು ಹೇಳದೆ ಇರಲಾರೆ. ಮೊದಲ ಅರ್ಧ ಗಂಟೆಯ ನಗುವೆಲ್ಲ ಅವನ ಇಂಗ್ಲಿಷಿನ ಮೇಲೆ, ಕೊರಳ ಚೈನಿನ ಮೇಲೆ, ಫೋರ್ಕ್ ಹಿಡಿಯಲು ಬಾರದ ಕೈಯ ಮೇಲೆ ಬಿದ್ದಿದೆ. ಮೊದಲೇ ಮೇಲೆ ಕೂತವರು ಹೊಸಬನನ್ನು ಕಂಡು ನಗುವ ನಗು ಅದು. ಅದನ್ನು ವಿಡಂಬನೆ ಎನ್ನಲು ನನಗೆ ಮನಸ್ಸಿಲ್ಲ.

ನಾನೂ ಈ ತಪ್ಪು ಮಾಡಿದ್ದೇನೆ. ಉಡುಪಿಯಲ್ಲಿ ನಮ್ಮ ಹವ್ಯಾಸಿ ತಂಡಕ್ಕೆ ಬರೆದ ನಾಟಕದಲ್ಲಿ ಹೊಸ ಸಾಹುಕಾರನೊಬ್ಬ ಭಾಷಣವನ್ನು 'ಬಾಸಣ' ಎನ್ನುತ್ತಿದ್ದ. ಸಭೆ ಬಿದ್ದು ಬಿದ್ದು ನಕ್ಕಿತು. ಆಟ ಮುಗಿದ ಮೇಲೆ, ಲೈಟು ನೋಡಿಕೊಳ್ಳುತ್ತಿದ್ದ ಹುಡುಗ ವಯರು ಸುತ್ತುತ್ತಾ, "ನಮ್ಮಪ್ಪ ಹೇಳುವುದೂ ಹಾಗೇ ಮಾಷ್ಟ್ರೇ" ಅಂದ. ಮರುದಿನ ಆ ಮಾತುಗಳನ್ನು ತೆಗೆದುಹಾಕಿದೆ. ಅವನು ಮತ್ತೆ ಬರಲಿಲ್ಲ.

ದುಡ್ಡು ಮಾಡುವುದು ನಮ್ಮೂರಿನಲ್ಲಿ ನಗೆಪಾಟಲಿನ ಕೆಲಸ ಆಗಿರಲಿಲ್ಲ. ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ, ಐದೂ ಬ್ಯಾಂಕು 1906ರಿಂದ 1931ರ ಒಳಗೆ ಮಂಗಳೂರು, ಉಡುಪಿಗಳಲ್ಲೇ ಹುಟ್ಟಿದವು. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ ಶುರುಮಾಡಿದಾಗ ಏಜೆಂಟರು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದರು. ನಿನ್ನ ನಾಯಕನ ತಾಯಿಯ ಪೆಟ್ಟಿಗೆಯಲ್ಲೂ ಒಂದು ಪಿಗ್ಮಿ ಪುಸ್ತಕ ಇರಲಿ. ಅವನ ಆಸೆ ಎಲ್ಲಿಂದ ಹೊರಟಿತು ಎಂಬುದು ಮೊದಲು ಕಾಣಲಿ, ಆಮೇಲೆ ಅದು ಎಲ್ಲಿ ಕೆಟ್ಟಿತು ಎಂಬುದು.

'ಸರಕಾರಿ ಜಾಗ ಒಳಗೆ ಹಾಕಿದ' ಎಂದು ಒಂದೇ ಮಾತಿನಲ್ಲಿ ದಾಟಿಸಿದ್ದೀ. ಯಾವ ಜಾಗ? ನಮ್ಮ ಕಡೆ ಅದಕ್ಕೆ ಕುಮ್ಕಿ ಎಂಬ ಹೆಸರುಂಟು. ವರ್ಗ ಜಾಗದ, ಅಂದರೆ ಕಂದಾಯ ಕಟ್ಟುವ ಸ್ವಂತ ಜಮೀನಿನ, ಸುತ್ತ ನೂರು ಗಜ, ಸೊಪ್ಪು ಸೌದೆಗೆಂದು ಬಿಟ್ಟ ನೆಲ. ಅಲ್ಲಿ ಬೇಲಿಯ ಕಂಬಗಳು ಮಳೆಗಾಲಕ್ಕೊಮ್ಮೆ ಸರಿಯಲಿ. ಪಂಚಾಯತಿನ ಮೇಜಿನ ಮೇಲೆ 'ನೈನ್ ಇಲೆವೆನ್' ಕಾಗದ, ಅಂದರೆ ಜಾಗದ ಖಾತೆಯ ನಮೂನೆ 9 ಮತ್ತು 11, ಇರಲಿ. ಅದನ್ನು ದಾಟಿಸಿ ಕೊಡುವವನು ಶುದ್ಧ ಕನ್ನಡ ಮಾತಾಡುವ, ಎಲ್ಲರೂ ಗೌರವಿಸುವ ಮನುಷ್ಯನಾಗಿರಲಿ. ಹತ್ತುವವನನ್ನು ನೀನು ಚೆನ್ನಾಗಿ ನೋಡಿದ್ದೀ. ಏಣಿ ಹಿಡಿದವರು ನಿನ್ನ ಕಥೆಯಲ್ಲಿ ಇಲ್ಲವೇ ಇಲ್ಲ ಮಾರಾಯ್ತಿ!

ದೇವಸ್ಥಾನದ ಬ್ರಹ್ಮಕಲಶ ಉತ್ಸವದ ಭಾಗವೇ ನಿನ್ನ ಚಿತ್ರದ ಜೀವ. ಅದನ್ನು ಎರಡು ಪುಟಕ್ಕೆ ಮುಗಿಸಬೇಡ. ಊರವರು ಉತ್ಸವಕ್ಕೆ ಅಕ್ಕಿ, ಕಾಯಿ ತಂದೊಪ್ಪಿಸುವ ಹೊರೆಕಾಣಿಕೆಯ ಮೆರವಣಿಗೆ ಬರೆ. ಮುಂದೆ ಚೆಂಡೆ, ಕೊಂಬು. ಅದರ ಹಿಂದೆ ಅವನ ಲಾರಿ. ಅಕ್ಕಿ ಮೂಟೆ ಕಾಣದಷ್ಟು ದೊಡ್ಡ ಫ್ಲೆಕ್ಸ್, ಅದರಲ್ಲಿ ದೇವರಿಗಿಂತ ಅವನ ಮುಖ ದೊಡ್ಡದು. ಲಾರಿಯ ಹೊಗೆಯೊಳಗೆ ನಾಲ್ಕು ತೆಂಗಿನಕಾಯಿ, ಒಂದು ಬಾಳೆಗೊನೆ ಹೊತ್ತ ಮುದುಕಿ. ಉಗ್ರಾಣದಲ್ಲಿ ಪಟ್ಟಿ ಬರೆಯುವವನು ತಲೆ ಎತ್ತದೆ ಆ ನಾಲ್ಕು ಕಾಯಿಯನ್ನೂ ಬರೆದುಕೊಳ್ಳಲಿ. ಅವಳ ಬಾಯಿಂದ ಒಂದು ಮಾತೂ ಬೇಡ, ನಿನ್ನ ಕ್ಯಾಮರಾ ಅಲ್ಲೇ ಸ್ವಲ್ಪ ಹೊತ್ತು ನಿಂತರೆ ಸಾಕು. ನಾಟಕದವನಾದ ನನಗೆ ಆ ಭಾಗ್ಯ ಇರಲಿಲ್ಲ.

ಆಮಂತ್ರಣ ಪತ್ರಿಕೆಯೂ ಅಷ್ಟೇ. 'ಗೌರವ ಉಪಸ್ಥಿತಿ'ಯ ಮೂವತ್ತು ಹೆಸರಿನಿಂದ 'ಮುಖ್ಯ ಅತಿಥಿ'ಗೆ, ಅಲ್ಲಿಂದ 'ಅಧ್ಯಕ್ಷತೆ'ಗೆ ಏರಲು ಅವನಿಗೆ ಮೂರು ವರ್ಷ ಹಿಡಿಯಲಿ. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ರಾತ್ರಿ ಯಾರ ಹೆಸರು ಕೆಳಗೆ ಇಳಿಯಿತು, ಇಳಿಸಿದವರು ಯಾರು, ಇಳಿದವರ ಮನೆಯಲ್ಲಿ ಮರುದಿನ ಏನಾಯಿತು, ಎಲ್ಲ ಬರೆ.

ಚುನಾವಣೆಯ ಭಾಷಣಗಳು ನನಗೆ ಬೇಸರ ತಂದವು. ಅಂಥವನ್ನು ಎಲ್ಲರೂ ಬರೆಯುತ್ತಾರೆ. ಅದರ ಬದಲು ನಾಮಪತ್ರದ ಹಿಂದಿನ ಸಂಜೆ ಅಫಿಡವಿಟ್ ತುಂಬುವ ದೃಶ್ಯ ಇಡು. ಆಸ್ತಿ, ಸಾಲ, ಓದು, ಬಾಕಿ ಇರುವ ಕ್ರಿಮಿನಲ್ ಕೇಸು ಎಲ್ಲವನ್ನೂ ಅಭ್ಯರ್ಥಿ ತಾನೇ ಘೋಷಿಸಬೇಕು ಎಂದಾದದ್ದು ಸುಪ್ರೀಂ ಕೋರ್ಟಿನ 2002ರ ತೀರ್ಪಿನಿಂದ. ಹೆಂಡತಿಯ ಆಸ್ತಿಯನ್ನೂ ಬರೆಯಬೇಕು. ತನ್ನ ಹೆಸರಿನಲ್ಲಿ ಇಷ್ಟು ಜಾಗ ಉಂಟೆಂದು ಆಕೆಗೆ ಅಂದೇ ಗೊತ್ತಾಗಲಿ. ವಿಧಾನಸಭೆಗೆ ಖರ್ಚಿನ ಮಿತಿ 40 ಲಕ್ಷ. ಲೆಕ್ಕದ ಪುಸ್ತಕ ಹಿಡಿದ ಹುಡುಗ ಎಷ್ಟು ಹೊತ್ತಿಗೆ ಪೆನ್ನು ಕೆಳಗಿಡುತ್ತಾನೆ ನೋಡು. ಯಾರೂ ಜೋಕು ಹೇಳದೆಯೂ ಥಿಯೇಟರ್ ನಗುತ್ತದೆ, ಆ ಹೆಂಗಸಿನ ಮುಖ ಕಂಡು ಸುಮ್ಮನೂ ಆಗುತ್ತದೆ. ನನಗೆ ಬೇಕಾದದ್ದು ಆ ಮೌನ.

ಇದನ್ನು ನಾನು ಕಲಿತದ್ದು ಯಕ್ಷಗಾನದ ಆಟದ ಚಪ್ಪರದಲ್ಲಿ. ಹಾಸ್ಯಗಾರ ದೂತನಾಗಿ ಬಂದಾಗ ನೋಡು, ಊರ ಮಾತಿನಲ್ಲಿ, ರಾಜನ ಎದುರಿಗೇ ನಿಂತು ಮಾತಾಡುತ್ತಾನೆ. ಕಿರೀಟ ಇಟ್ಟವನು ಉತ್ತರಕ್ಕೆ ತಡವರಿಸುವ ಆ ಗಳಿಗೆಯಲ್ಲಿ ಸಭೆ ನಗುತ್ತದೆ. ನಿನ್ನ ಕಥೆಯಲ್ಲಿ ದೂತ ಯಾರು? ಆ ಲೆಕ್ಕದ ಹುಡುಗ ಆಗಬಹುದೇ? ಯೋಚಿಸು.

ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ ಮೊದಲು ಒಂದು ಶನಿವಾರ ಉಡುಪಿಗೆ ಬಾ, ಒಟ್ಟಿಗೆ ಆಟಕ್ಕೆ ಹೋಗೋಣ. ತಿದ್ದಿದ ಹೊರೆಕಾಣಿಕೆಯ ಪುಟಗಳು ಕೈಯಲ್ಲಿರಲಿ. ಆ ಮುದುಕಿಗೊಂದು ಹೆಸರು ಹುಡುಕಿ ತಾ.

ನಿನ್ನ ಮಾಷ್ಟ್ರು