ಅಟ್ಟದ ಮೇಲಿನ ಟ್ರಂಕು ಮೊದಲು ಕೆಳಗಿಳಿಸಿ

ಪ್ಯೂಬ್ಲೊ, ಕೊಲರಾಡೊ
ಅಕ್ಟೋಬರ್ 4

ಅಕ್ಕನಿಗೆ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಮಂಡಿ ನೋವಿನ ಮಾತ್ರೆಯ ವಿಷಯ ಕೊನೆಯಲ್ಲಿ ಬರೆಯುತ್ತೇನೆ, ಮೊದಲು ಆ ಟ್ರಂಕಿನ ಮಾತು. ಫೋನಿನಲ್ಲಿ ಹೇಳಿದರೆ ಅರ್ಧ ನಿನಗೆ ಕೇಳಿಸಲ್ಲ, ಇನ್ನರ್ಧ ಭಾವ ಕೇಳಿಸಿಕೊಳ್ಳಲ್ಲ.

ನೀನು ಕಳಿಸಿದ ಟ್ರಂಕಿನ ಫೋಟೊ ದೊಡ್ಡದು ಮಾಡಿ ನೋಡಿದೆ. ದೊಡ್ಡಪ್ಪ 74ರಲ್ಲಿ ಇಲ್ಲಿಂದ ತಂದ ಎಸ್ಟೀಸ್ ಕಂಪನಿಯ ಮಾದರಿ ರಾಕೆಟ್ ಹಾರಿಸುವ ಮದ್ದಿನ ಮೋಟಾರುಗಳೇ ಅವು. ಸುಹಾಸ ದೀಪಾವಳಿಗೆ ಹಚ್ಚುತ್ತೇನೆ ಅಂದನಂತೆ, ಭಾವ "ಐವತ್ತು ವರ್ಷದ ಮದ್ದು, ಟುಸ್ ಅನ್ನುತ್ತೆ ಅಷ್ಟೆ" ಅಂದರಂತೆ. ಟುಸ್ ಅನ್ನಲ್ಲ ಅಕ್ಕ. ನೆಂದ ಪಟಾಕಿಯ ಲೆಕ್ಕ ಇದಕ್ಕೆ ಹಾಕಬೇಡಿ.

ದಪ್ಪ ಕಾಗದದ ಕೊಳವೆಯೊಳಗೆ ಕರಿಮದ್ದನ್ನು ಯಂತ್ರದಲ್ಲಿ ಕಲ್ಲಿನ ಹಾಗೆ ಒತ್ತಿ ತುಂಬಿರುತ್ತಾರೆ. ಕೆಳಗೆ ತೂತಿರುವ ಜೇಡಿಮಣ್ಣಿನ ಬಿರಡೆ. ಮದ್ದಿನ ಮೇಲೆ ನಿಧಾನ ಉರಿಯುವ ಇನ್ನೊಂದು ಪದರ, ಅದರ ಮೇಲೆ ಪ್ಯಾರಾಚೂಟ್ ಹೊರಗೆ ತಳ್ಳುವ ಚಿಟಿಕೆ ಪುಡಿ. ಸರಿಯಾಗಿದ್ದರೆ ಊದುಬತ್ತಿಯ ಹಾಗೆ ಒಂದು ತುದಿಯಿಂದ ಉರಿಯುತ್ತ ಹೋಗುತ್ತದೆ. ಆದರೆ ನಮ್ಮ ಹೆಂಚಿನ ಕೆಳಗೆ ಹಗಲೆಲ್ಲ ಕಾದು ರಾತ್ರಿ ತಣಿದು, ಹೀಗೆ ಐವತ್ತು ಬೇಸಿಗೆ ಆದ ಮೇಲೆ ಮದ್ದು ಕಾಗದದ ಗೋಡೆ ಬಿಟ್ಟುಕೊಂಡಿರುತ್ತದೆ. ಕೂದಲೆಳೆಯಷ್ಟು ಸಂದು ಸಾಕು. ಬೆಂಕಿ ಆ ಸಂದಿಗೆ ನುಗ್ಗಿ ಮದ್ದಿನ ಮೈಯೆಲ್ಲ ಒಟ್ಟಿಗೇ ಹೊತ್ತಿಕೊಳ್ಳುತ್ತದೆ, ಎರಡು ಸೆಕೆಂಡು ಉರಿಯಬೇಕಾದ್ದು ಒಂದೇ ಏಟಿಗೆ ಮುಗಿಯುತ್ತದೆ. ಬಿರಡೆ ಹಾರುತ್ತದೆ, ಇಲ್ಲವೇ ಉರಿಯುವ ಮದ್ದಿನ ಗಟ್ಟಿ ಮೇಲಿನಿಂದ ಹೊರಗೆ ಚಿಮ್ಮುತ್ತದೆ. ಇಲ್ಲಿಯವರು ಇದಕ್ಕೆ ಕೇಟೊ ಅನ್ನುತ್ತಾರೆ. ಅದೇ ಕಾಲದ ಮೋಟಾರು ತಂಪು ಕೋಣೆಯಲ್ಲಿದ್ದರೆ ಇವತ್ತಿಗೂ ಸಲೀಸಾಗಿ ಹಾರುವುದುಂಟು, ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಕಾದದ್ದು ಹೊಸದಾದರೂ ನಂಬುವ ಹಾಗಿಲ್ಲ. ಕೆಡಿಸುವುದು ವಯಸ್ಸಲ್ಲ, ಬಿಸಿಲು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದರ ಪಕ್ಕದಲ್ಲಿ ನಿಮ್ಮ ಕೊಬ್ಬರಿ ರಾಶಿ ಬೇರೆ!

ಹೆದರಬೇಡಿ, ತಾನಾಗಿ ಹೊತ್ತಿಕೊಳ್ಳುವ ವಸ್ತುವಲ್ಲ ಅದು. ಇಷ್ಟು ವರ್ಷ ಇತ್ತಲ್ಲ. ನಿಜವಾಗಿಯೂ ಹೆದರಬೇಡಿ. ಆದರೆ ಈ ವಾರವೇ ಇಳಿಸಿ.

ಸುಹಾಸನಿಗೆ ಗುರುತು ಹೇಳು: ಮೋಟಾರಿನ ಮೇಲೆ ಬರೆದಿರುವ ಸಿ6-5 ಅಂದರೆ 'ಸಿ' ಒಟ್ಟು ಶಕ್ತಿಯ ಅಳತೆ, ಪ್ರತಿ ಅಕ್ಷರಕ್ಕೂ ಮಿತಿ ಇಮ್ಮಡಿ. 6 ಅಂದರೆ ಸರಾಸರಿ ನೂಕುಬಲ, ನ್ಯೂಟನ್ ಲೆಕ್ಕದಲ್ಲಿ. 5 ಅಂದರೆ ಉರಿದು ಮುಗಿದ ಮೇಲೆ ಪ್ಯಾರಾಚೂಟ್ ಬಿಚ್ಚಲು ಎಷ್ಟು ಸೆಕೆಂಡು. ಹಸಿರು ಅಕ್ಷರದ್ದು ಒಂದೇ ಹಂತದ ರಾಕೆಟ್ಟಿಗೆ, ನೇರಳೆ ಹಲವು ಹಂತದ್ದರ ಮೇಲಿನ ಹಂತಕ್ಕೆ. ಫೋಟೊದಲ್ಲಿ ಕೆಂಪು ಅಕ್ಷರದ ಸಿ6-0 ಮೂರಿವೆ, ಅವನ್ನು ಮಾತ್ರ ಅವನ ಕೈಗೆ ಕೊಡಲೇಬೇಡ. ಅದರಲ್ಲಿ ಆ ನಿಧಾನ ಉರಿಯುವ ಪದರವೇ ಇಲ್ಲ, ಮುಗಿಯುತ್ತಿದ್ದ ಹಾಗೆ ಮೇಲಿನ ಹಂತಕ್ಕೆ ಬೆಂಕಿ ಉಗುಳಲೆಂದೇ ಮಾಡಿದ್ದು. ಮೂಲೆಯಲ್ಲಿ ಬಿ14 ಕೂಡ ಇದೆ. ಮದ್ದಿನ ನಡುವೆ ಆಳವಾದ ತೂತು ಬಿಟ್ಟು, ಎದ್ದ ಕ್ಷಣದಲ್ಲೇ ಬಲವೆಲ್ಲ ಬರುವ ಹಾಗೆ ಮಾಡಿದ ಮೋಟಾರು. ಭಾರದ ರಾಕೆಟ್ ಎಬ್ಬಿಸಲು ಅಂಥದ್ದು ಇನ್ನೊಂದಿರಲಿಲ್ಲ, ಅದರ ತಯಾರಿಕೆ ನಿಂತು ದಶಕಗಳಾದವು. ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು. ಅದನ್ನೂ ನೀರಿಗೆ ಹಾಕಿ.

ಹೇಗೆಂದರೆ, ಬೆಳಿಗ್ಗೆ ತಂಪಿನಲ್ಲಿ ಇಳಿಸಿ. ಶಿವಣ್ಣ ಬೀಡಿ ಆರಿಸಿಯೇ ಅಟ್ಟ ಹತ್ತಲಿ. ಚಾಕು, ಮೊಳೆ, ಡ್ರಿಲ್ ಯಾವುದೂ ತಾಗಬಾರದು, ಮದ್ದು ಕೆರೆದು ತೆಗೆದು ನೋಡುವುದಂತೂ ಬೇಡವೇ ಬೇಡ. ಹಿತ್ತಿಲಲ್ಲಿ ಪ್ಲಾಸ್ಟಿಕ್ ಬಕೆಟ್ಟಿಗೆ ಮುಕ್ಕಾಲು ನೀರು, ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ. ಮೋಟಾರು ಪೂರ್ತಿ ಮುಳುಗಬೇಕು. ಮೋಟಾರು ಹೊತ್ತಿಸುವ, ತುದಿಯಲ್ಲಿ ಕಪ್ಪು ಚುಕ್ಕೆಯಿರುವ ಸಣ್ಣ ತಂತಿಗಳೂ ಅಲ್ಲಿಗೇ, ಅವನ್ನು ಬ್ಯಾಟರಿಗೆ ಮುಟ್ಟಿಸಿ ನೋಡಬಾರದು. ಎರಡು ಮೂರು ದಿನದಲ್ಲಿ ಕಾಗದ ಸುರುಳಿ ಬಿಚ್ಚಿಕೊಂಡು ಮದ್ದು ಕಪ್ಪು ಕೆಸರಾಗುತ್ತದೆ. ನಡುವೆ ಗಟ್ಟಿ ಉಳಿದಿದ್ದರೆ ನೀರು ಬದಲಿಸಿ ಇನ್ನೆರಡು ದಿನ. ಆ ನೀರಿನಲ್ಲಿ ಪೆಟ್ಲುಪ್ಪು ಕರಗಿರುತ್ತದೆ, ಗೌರಿ ಮೂತಿ ಹಾಕದ ಹಾಗೆ ನೋಡಿಕೋ. ದನಕ್ಕೆ ಅದು ವಿಷ. ಕೆಸರನ್ನು ಒಣಗಲು ಬಿಡದೆ, ಒದ್ದೆಯಿರುವಾಗಲೇ ಮೇಯಲು ಹೋಗದ ಕಡೆ ಗುಂಡಿ ತೋಡಿ ಮುಚ್ಚಿ. ತೆಂಗಿನ ಬುಡವಾದರೂ ಸರಿ, ಪೊಟ್ಯಾಷೇ ತಾನೆ! ನೀರೊಲೆಗೆ ಮಾತ್ರ ಬೇಡ.

ಟ್ರಂಕಿನಲ್ಲಿರುವ ರಾಕೆಟ್ ಕಟ್ಟುವ ಕಿಟ್‌ಗಳನ್ನು ದಯವಿಟ್ಟು ಎಸೆಯಬೇಡಿ. ಅವುಗಳಲ್ಲಿ ಮದ್ದಿಲ್ಲ, ಬರೀ ರಟ್ಟಿನ ಕೊಳವೆ, ಬಾಲ್ಸಾ ಹಲಗೆ. ಆ ಮಾರ್ಸ್ ಲ್ಯಾಂಡರ್ ಬಿಚ್ಚಿಲ್ಲ ಅನ್ನಿಸುತ್ತದೆ. ಇಳಿದಾಗ ಕುಸಿದು ತಡೆದುಕೊಳ್ಳುವ ಕಾಲುಗಳಿರುವ ರಾಕೆಟ್ ಅದು, ಇಲ್ಲಿ ಬಿಳಿ ಗಡ್ಡದ ಅಜ್ಜಂದಿರು ಖಾಲಿ ಪೊಟ್ಟಣಕ್ಕೂ ಮುಗಿಬೀಳುತ್ತಾರೆ. ನಗಬೇಡ. ಮೋಟಾರು ತಯಾರಾಗುವ ಪೆನ್ರೋಸ್ ನಮಗೆ ತಿಪಟೂರಿನಿಂದ ತುಮಕೂರಿನಷ್ಟೂ ದೂರವಿಲ್ಲ. ಕಂಪನಿ ಶುರುಮಾಡಿದ ವರ್ನ್ ಎಸ್ಟೀಸ್ 1958ರಲ್ಲಿ ಕಟ್ಟಿದ ಮದ್ದು ತುಂಬುವ ಯಂತ್ರಕ್ಕೆ ಮೇಬಲ್ ಅಂತ ಹೆಸರಿಟ್ಟರಂತೆ, ನಾವು ಎಮ್ಮೆಗೆ ಹೆಸರಿಡುವ ಹಾಗೆ.

ಸುಹಾಸ ಒಂದು ಕಟ್ಟಲೇಬೇಕು ಅಂದರೆ ಬಿಗ್ ಬರ್ತಾ ಅನ್ನುವ ಕಿಟ್ ಕಟ್ಟಲಿ. ರೆಕ್ಕೆಯ ಹಲಗೆಯನ್ನು ಪಕ್ಕದಲ್ಲಿ ಸ್ಕೇಲ್ ಇಟ್ಟು ಸ್ಕ್ಯಾನ್ ಮಾಡಿ, ನಕಲು ಕತ್ತರಿಸಿ ಕಟ್ಟಲಿ, ಅಸಲು ಪೊಟ್ಟಣದಲ್ಲೇ ಇರಲಿ. ಕೊಳವೆಯ ಹೊರ ಅಳತೆ 41.6 ಮಿ.ಮೀ. ಸೆಂಟುರಿ ಅನ್ನುವ ಇನ್ನೊಂದು ರಾಕೆಟ್ ಕಂಪನಿಯ ಭಾಗಗಳನ್ನು ಇದಕ್ಕೆ ಬೆರೆಸಬಾರದು. ಅವರ ಸಣ್ಣ ಕೊಳವೆ ಎಸ್ಟೀಸಿನದಕ್ಕಿಂತ ಅರ್ಧ ಮಿಲಿಮೀಟರಿನಷ್ಟು ದಪ್ಪ, ರಾಕೆಟ್ಟಿನ ಮೂತಿ ಕೂತರೂ ಅಂಚು ಎದ್ದು ಕಾಣುತ್ತದೆ. ಮೂತಿಯನ್ನು ಕೊಳವೆಗೆ ಕಟ್ಟುವ ಹಳೆಯ ರಬ್ಬರ್ ದಾರ ಎಳೆದರೆ ಪುಡಿಯಾಗುತ್ತದೆ, ಟೈಲರ್ ಅಂಗಡಿಯ ಇಲಾಸ್ಟಿಕ್ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಸಾಕು. ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಗಳನ್ನು ಹಾಗೇ ನೆನೆಸಿದರೆ ಚೂರುಚೂರಾಗುತ್ತವೆ. ಮೊದಲು ಸ್ಕ್ಯಾನ್, ಆಮೇಲೆ ಬಣ್ಣವಿಲ್ಲದ ವಾರ್ನಿಷ್ ಸ್ಪ್ರೇ ಎರಡು ತೆಳು ಕೋಟು, ಒಣಗಿದ ಮೇಲೆ ಒಂದು ಮೂಲೆ ಕತ್ತರಿಸಿ ನೀರಿನಲ್ಲಿ ಪರೀಕ್ಷೆ.

ಬರುವಾಗ ಹೊಸ ಮೋಟಾರು ತಾ ಅಂದಿದ್ದಾನಲ್ಲ, ವಿಮಾನದಲ್ಲಿ ಕೈಚೀಲದಲ್ಲೂ ಬಿಡುವುದಿಲ್ಲ, ಲಗೇಜಿನಲ್ಲೂ ಬಿಡುವುದಿಲ್ಲ. ಖಾಲಿ ಕಿಟ್ ತರುತ್ತೇನೆ. ಅಲ್ಲಿಯವರೆಗೆ ನೀರಿನ ರಾಕೆಟ್ ಹಾರಿಸಲಿ: ಸೋಡಾ ತುಂಬಿ ಬರುವ ಬಾಟಲಿಯೇ ಆಗಬೇಕು, ಕುಡಿಯುವ ನೀರಿನದು ಒತ್ತಡ ತಾಳುವುದಿಲ್ಲ. ಮೂರರಲ್ಲೊಂದು ಪಾಲು ನೀರು, ಸೈಕಲ್ ಪಂಪಿನಲ್ಲಿ ನಲವತ್ತು ಪೌಂಡಿನವರೆಗೆ, ಯಾರೂ ಬಾಟಲಿಯ ಮೇಲೆ ಬಗ್ಗಬಾರದು.

ನಾವೆಲ್ಲ ಚೆನ್ನಾಗಿದ್ದೇವೆ, ನಮ್ಮ ಚಿಂತೆ ಬೇಡ. ಮಾತ್ರೆಯ ವಿಷಯ ಉಳಿದೇಹೋಯಿತು, ಭಾನುವಾರ ಫೋನ್ ಮಾಡುತ್ತೇನೆ, ಚೀಟಿ ಹುಡುಕಿಟ್ಟಿರು. ಭಾವನಿಗೆ ನಮಸ್ಕಾರ. ಬಕೆಟ್ಟಿನ ಫೋಟೊ ಕಳಿಸು, ಮೋಟಾರು ಎಣಿಸಿ ಕಳಿಸು.

ನಿನ್ನ ತಮ್ಮ
ರಘು